ಒಂದು ತಿಂಗಳ ಮಟ್ಟಿಗೆ ಹೋದ ಕುರ್ಚಿ

ಕಳೆದ ಶನಿವಾರ ನಾನೊಂದು ಕುರ್ಚಿಯ ಮೇಲೆ ಕೂತೆ. ಅಷ್ಟೇ. ಅಷ್ಟಕ್ಕೇ ಒಂದು ಇಡೀ ಹೈಸ್ಕೂಲು ಅಲ್ಲೋಲಕಲ್ಲೋಲವಾಯಿತು.

ಕೂತದ್ದೇ ತಡ, ಕೆಳಗಿನಿಂದ ‘ಪರ್ರ್...’ ಎಂದು ಸದ್ದು. (ತಪ್ಪು ತಿಳಿಯಬೇಡಿ. ಹರಿದದ್ದು ಪ್ಲಾಸ್ಟಿಕ್ಕು.) ಟೀ ತರುತ್ತಿದ್ದ ಪ್ಯೂನ್ ಫಕೀರಪ್ಪ ಬಾಗಿಲಲ್ಲೇ ನಿಂತು ಹಾವು ಕಂಡವನಂತೆ ಕೂಗಿದ. “ಏಳ್ರಿ ಸರ, ಏಳ್ರಿ! ಅದರ ಮ್ಯಾಲ ಯಾರೂ ಕುಂದ್ರಂಗಿಲ್ರಿ!”

ಕೂಗು ಕೇಳಿ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಓಡಿ ಬಂದರು. ನನ್ನನ್ನು ನೋಡಲಿಲ್ಲ, ಪ್ಲಾಸ್ಟಿಕ್ಕನ್ನು ನೋಡಿದರು. “ಅಯ್ಯಯ್ಯ, ಅದು ಖಾಯಂ ಹೆಡ್‌ಮಾಸ್ತರ ಖುರ್ಚಿರೀ!”

ನಾನು ಗಾಬರಿಯಿಂದ ಎದ್ದೆ. “ತಪ್ಪಾತ್ರಿ. ಎಲ್ಲಿದಾರ ಅವರು?”

“ಇನ್ನೂ ಬಂದಿಲ್ರಿ.”

“ಎಷ್ಟೊತ್ತಿಗೆ ಬರ್ತಾರ?”

“ಬರಬೇಕ್ರಿ. ನೇಮಕ ಆದಮ್ಯಾಲ ಬರ್ತಾರ್ರಿ.”

ಅಂದರೆ ಹುಟ್ಟದ ಕೂಸಿಗೆ ಕುಲಾಯಿ ಹೊಲಿಸುವುದಲ್ಲ, ಆ ಕುಲಾಯಿಯನ್ನು ಮುಟ್ಟಿದವರ ಮೇಲೆ ರೇಗುವುದು!

ಇರಲಿ, ನಾನು ಅಲ್ಲಿಗೆ ಹೋದದ್ದು ಯಾಕೆ ಅಂತ ಹೇಳುತ್ತೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂದುಗಡೆ, ಸಣ್ಣ ಕಾರ್ಖಾನೆಗಳ ಖಟಖಟದ ನಡುವೆ ಇರುವ ಖಾಸಗಿ ಹೈಸ್ಕೂಲು ಅದು. (ಹೆಸರು ಬೇಡ. ಇಂಥ ಶಾಲೆ ನಿಮ್ಮೂರಲ್ಲೂ ಇದೆ.) ನಮ್ಮ ಅಣ್ಣನ ಹೆಂಡತಿ, ಸುಧಾ ವೈನಿ, ಅಲ್ಲಿ ಹಂಗಾಮಿ ಮುಖ್ಯೋಪಾಧ್ಯಾಯಿನಿ. ಅವತ್ತು ಅವರ ನಿವೃತ್ತಿಯ ಬೀಳ್ಕೊಡುಗೆ. ಮುಖ್ಯ ಅತಿಥಿಯಾಗಬೇಕಿದ್ದ ಮುಖಂಡರಿಗೆ ಮತ್ತೆಲ್ಲೋ ಇನ್ನೂ ದೊಡ್ಡ ಹಾರ ಸಿಕ್ಕಿತು. ಕಾರ್ಯದರ್ಶಿಗಳು ಬೆಳಿಗ್ಗೆ ನನಗೆ ಫೋನ್ ಮಾಡಿ, “ಸದ್ಯಕ್ಕ ನೀವ ಬಂದ್ ಕುಂತ್ ಬಿಡ್ರಿ ಸರ, ಪೇಪರ್‌ನ್ಯಾಗ ಬರೀತೀರಿ, ನಡೀತೈತಿ” ಅಂದರು. ಎರಡೂ ಊರುಗಳ ನಡುವಿನ ನವನಗರದಲ್ಲಿರುವ ನಾವು ಹುಬ್ಬಳ್ಳಿಯವರಿಗೆ ಧಾರವಾಡದವರು, ಧಾರವಾಡದವರಿಗೆ ಹುಬ್ಬಳ್ಳಿಯವರು. ಹಾಗಾಗಿ ಯಾರ ಬದಲಿಗೆ ಕರೆದರೂ ಹೋಗಿ ರೂಢಿಯಾಗಿದೆ. ಹೀಗೆ ನಾನು ಹಂಗಾಮಿ ಮುಖ್ಯ ಅತಿಥಿಯಾದೆ.

ಈಗ ಕುರ್ಚಿಯ ಕಥೆ. ಹಿಂದಿನ ಹೆಡ್‌ಮಾಸ್ತರು ನಿವೃತ್ತರಾದಾಗ ಅವರ ಹಳೇ ಕುರ್ಚಿ ಗುಜರಿಗೆ ಹೋಯಿತು. ಬರಲಿರುವ ಖಾಯಂನವರಿಗೆಂದು ಮಂಡಳಿ ಒಂದು ತಿರುಗುವ ಕುರ್ಚಿ ತರಿಸಿತು. ಕಪ್ಪು ರೆಕ್ಸಿನ್ನು, ತಲೆಗೂ ದಿಂಬು. ಬರುವವರೇ ಬಿಚ್ಚಲಿ ಅಂತ ಮೈತುಂಬ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಹಾಗೇ ಬಿಟ್ಟರು. ವೈನಿ ಆಗ ಎಲ್ಲರಿಗಿಂತ ಸೀನಿಯರ್. “ಮೇಡಂ, ಒಂದು ತಿಂಗಳ ಮಟ್ಟಿಗೆ ನೋಡ್ಕೋರಿ” ಅಂದರು ಕಾರ್ಯದರ್ಶಿಗಳು.

ವೈನಿ ನೋಡಿಕೊಂಡರು. ಆದರೆ ಕೂರುವುದು ಎಲ್ಲಿ? ಖಾಯಂ ಕುರ್ಚಿಯಲ್ಲಿ ಹಂಗಾಮಿಯವರು ಕೂರಬಾರದಂತೆ. ಹಾಗಂತ ಯಾವ ಕಾನೂನೂ ಇಲ್ಲ, ಯಾರೂ ಬಾಯಿಬಿಟ್ಟು ಹೇಳಿಯೂ ಇಲ್ಲ. ನಮ್ಮ ಕಡೆ ಇಂಥವು ಹೇಳದೆಯೇ ನಡೆಯುತ್ತವೆ. ಕೂತರೆ ‘ಕುರ್ಚಿ ಮ್ಯಾಲ ಕಣ್ಣು’ ಅನ್ನುತ್ತಾರೆ ಎಂಬ ಮರ್ಯಾದೆಯ ಭಯ ಸಾಕು. ಸ್ಟಾಫ್ ರೂಮಿನಲ್ಲಿ ಹೆಚ್ಚಿನ ಕುರ್ಚಿ ಇರಲಿಲ್ಲ. ಒಂದು ತಿಂಗಳಿಗೆ ಯಾಕೆ ಗಲಾಟೆ ಅಂತ ವೈನಿ ಮನೆಯ ಊಟದ ಮೇಜಿನ ಒಂದು ಕಟ್ಟಿಗೆ ಕುರ್ಚಿಯನ್ನು ಆಟೋದಲ್ಲಿ ಹಾಕಿಕೊಂಡು ಹೋದರು. ಪ್ಲಾಸ್ಟಿಕ್ ಸುತ್ತಿದ ಕುರ್ಚಿಯ ಪಕ್ಕದಲ್ಲಿ ಇಟ್ಟುಕೊಂಡು ಕೂತರು.

ಆ ಒಂದು ತಿಂಗಳು ಆರು ವರ್ಷ ನಡೆಯಿತು.

ಆರು ವರ್ಷ ನಮ್ಮಣ್ಣನ ಮನೆಯಲ್ಲಿ ಊಟದ ಮೇಜಿಗೆ ಮೂರೇ ಕುರ್ಚಿ. ನಾನೂ ನನ್ನ ಹೆಂಡತಿಯೂ ಊಟಕ್ಕೆ ಹೋದರೆ ಅಣ್ಣ ಸ್ಟೂಲ್ ಎಳೆದುಕೊಂಡು ಕೂತು, “ನಮ್ಮ ನಾಕನೇ ಖುರ್ಚಿ ಡೆಪ್ಯುಟೇಶನ್ ಮ್ಯಾಲ ಹೋಗ್ಯದ” ಅನ್ನುತ್ತಿದ್ದ. ನಾವು ನಗುತ್ತಿದ್ದೆವು. ವೈನಿ ಹೋಳಿಗೆ ಬಡಿಸುತ್ತ, “ಇನ್ನೇನು, ಶ್ರಾವಣಕ್ಕ ಆರ್ಡರ್ ಬರ್ತದಂತ” ಅನ್ನುತ್ತಿದ್ದರು.

ಶ್ರಾವಣ ಬಂತು, ಆರ್ಡರ್ ಬರಲಿಲ್ಲ. ಪರೀಕ್ಷೆ ಮುಗಿಯಲಿ ಅಂದರು. ಪರೀಕ್ಷೆ ಮುಗಿಯಿತು. ಮಂಡಳಿಯ ಚುನಾವಣೆ ಆಗಲಿ ಅಂದರು. ಆಯಿತು. ಅಷ್ಟರಲ್ಲಿ ಆಷಾಢ. “ಆಷಾಢದಾಗ ಯಾರಾರ ಖಾಯಂ ಮಾಡ್ತಾರೇನ್ರಿ ಮೇಡಂ?” ಎಂಬ ಪ್ರಶ್ನೆ. ಪಾಪ, ಆಷಾಢದಲ್ಲಿ ಅವರಿಂದ ಕೆಲಸ ಮಾಡಿಸಿಕೊಳ್ಳಲು ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ಸಹಿಯ ಕೆಳಗೆ ‘ಹಂಗಾಮಿ’ ಅಂತ ಹೊಡೆಯಲು ಒಂದು ರಬ್ಬರ್ ಸ್ಟ್ಯಾಂಪು ಮಾಡಿಸಿಕೊಟ್ಟಿದ್ದರು. ಹೊಡೆದು ಹೊಡೆದು ಅಕ್ಷರ ಸವೆದವು. ಮಂಡಳಿ ತಕ್ಷಣ ಹೊಸ ಸ್ಟ್ಯಾಂಪು ಮಾಡಿಸಿತು. ಅದೂ ‘ಹಂಗಾಮಿ’ಯದೇ!

ವೈನಿಯನ್ನೇ ಖಾಯಂ ಮಾಡಲು ಏನು ಧಾಡಿ? ನಾನು ಒಮ್ಮೆ ಕಾರ್ಯದರ್ಶಿಗಳನ್ನು ನೇರವಾಗಿ ಕೇಳಿದ್ದೆ. “ಮಾಡೂದ್ರಿ ಸರ, ಅವರನ್ನ ಬಿಟ್ಟು ಇನ್ಯಾರದಾರ?” ಅಂದಿದ್ದರು. ಖರೇ ಸಂಗತಿ ಬೇರೆ. ಖಾಯಂ ಆದವರು ಒಂದಿನ ‘ಆಗೂದಿಲ್ರಿ’ ಅಂದುಬಿಡಬಹುದು. ಹಂಗಾಮಿಯವರು ಅನ್ನುವುದಿಲ್ಲ. ಕಾರ್ಯದರ್ಶಿಗಳ ಅಳಿಯನ ತಮ್ಮನ ಮಗನಿಗೆ ಪರೀಕ್ಷೆಗೆ ಹಾಜರಿ ಕಡಿಮೆ ಬಿದ್ದರೆ ಖಾಯಂನವರು ನಿಯಮ ಹೇಳುತ್ತಾರೆ, ಹಂಗಾಮಿಯವರು ‘ನೋಡೋಣ್ರಿ’ ಅನ್ನುತ್ತಾರೆ. ಮುಂದೆ ಖಾಯಂ ಮಾಡುತ್ತಾರೆಂಬ ಆಸೆ ಮನುಷ್ಯನನ್ನು ಎಷ್ಟು ಮೆತ್ತಗಿಡುತ್ತದೆ ಎಂಬುದು ನಮ್ಮ ಆಡಳಿತ ಮಂಡಳಿಗಳಿಗೆ ಚೆನ್ನಾಗಿ ಗೊತ್ತು. ಆಕಳಿಗೆ ಹುಲ್ಲು ತೋರಿಸುತ್ತ ನಡೆಸುವುದು, ತಿನ್ನಲು ಮಾತ್ರ ಕೊಡದಿರುವುದು.

(ಆ ಹುಡುಗನ ವಿಷಯದಲ್ಲಿ ನಮ್ಮ ವೈನಿ ನಿಯಮವನ್ನೇ ಹೇಳಿದರು ಅನ್ನುವುದು ಬೇರೆ ಮಾತು. ಆ ವರ್ಷ ಆಷಾಢ ಬಹಳ ಉದ್ದವಾಗಿತ್ತು.)

ಹಂಗಾಮಿ ಅಂದರೇನು? ಧಾರವಾಡದ ಹತ್ತಿರದ ಹಳ್ಳಿ ಮುಗದದಲ್ಲಿ ನಮ್ಮ ಸೋದರಮಾವ ಹೊಲ ಮಾಡುತ್ತಾರೆ. ಅವರ ಬಾಯಲ್ಲಿ ಹಂಗಾಮು ಅಂದರೆ ಬಿತ್ತುವ ಕಾಲ, ಕೊಯ್ಯುವ ಕಾಲ. ಬರುತ್ತದೆ, ಮುಗಿಯುತ್ತದೆ. ಭತ್ತದ ಹಂಗಾಮು ಆರು ವರ್ಷ ನಡೆಯಿತು ಅಂದರೆ ಅವರು ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಆ ಪದ ಹೊಲದಿಂದ ಆಫೀಸಿಗೆ ಬಂದದ್ದೇ ಬಂದದ್ದು, ಫ್ಯಾನಿನ ಕೆಳಗೆ ಕೂತುಬಿಟ್ಟಿತು. ಏಳುವ ಹೆಸರೇ ಇಲ್ಲ.

ಆಫೀಸನ್ನೇ ಬೈದರೆ ಅನ್ಯಾಯ. ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ನೀಲಿ ಬ್ಯಾರೆಲ್ ಇದೆ. ನಳ ಯಾವಾಗ ಬರುತ್ತದೋ ಗೊತ್ತಿಲ್ಲದ ಒಂದು ಬೇಸಿಗೆಯಲ್ಲಿ ‘ಸದ್ಯಕ್ಕ ಇರ್ಲಿ’ ಅಂತ ಇಟ್ಟದ್ದು. ಈಗ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದೆ, ಮೇಲೆ ಹೂದಾನಿ. ದೀಪಾವಳಿಗೆ ಸುಣ್ಣ ಬಳಿಯುವವರು ಅದರ ಸುತ್ತಲೇ ಬಳಿದು ಹೋಗುತ್ತಾರೆ. ನಮ್ಮ ಓಣಿಯ ತಿರುವಿನಲ್ಲಿ ‘ತಾತ್ಕಾಲಿಕ ಮಾರ್ಗ’ ಎಂಬ ಬೋರ್ಡಿದೆ. ಬೋರ್ಡು ತುಕ್ಕು ಹಿಡಿದು ಬಿತ್ತು. ಹೊಸದನ್ನು ಹಾಕಿದರು. ಹೊಸದರ ಮೇಲೂ ‘ತಾತ್ಕಾಲಿಕ’ ಅಂತಲೇ ಇದೆ, ಪೇಂಟು ಮಾತ್ರ ಪಕ್ಕಾ.

ಬ್ಯಾರೆಲ್ಲಿಗೆ ಬೇಸರವಿಲ್ಲ ಬಿಡಿ. ಮನುಷ್ಯರನ್ನು ಸದ್ಯಕ್ಕೆ ಇಟ್ಟರೆ?

ಮತ್ತೆ ಶನಿವಾರಕ್ಕೆ ಬರೋಣ. ನಾನು ಎದ್ದು ನಿಂತಿದ್ದೆ. ಪ್ಲಾಸ್ಟಿಕ್ಕು ಬೆನ್ನಿನಿಂದ ಸೀಟಿನವರೆಗೆ ಸೀಳಿತ್ತು. ಕಾರ್ಯದರ್ಶಿಗಳು, ಕೂಗು ಕೇಳಿ ಬಂದಿದ್ದ ವೈನಿಯ ಕಡೆ ತಿರುಗಿದರು. “ಮೇಡಂ, ಇಷ್ಟು ವರ್ಷ ಜೋಪಾನ ಮಾಡಿ ಕಡೀ ದಿನ ಹಿಂಗ್ ಮಾಡಿದ್ರಲ್ರಿ. ಖಾಯಂನವರು ಬಂದ್ರ ಏನಂತ ತೋರಸೂದ್ರಿ?”

ಹರಿದವನು ನಾನು. ಬೈಸಿಕೊಂಡವರು ವೈನಿ. ನನಗೆ ರೇಗಿಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಫಕೀರಪ್ಪ ಸೆಲ್ಲೋಟೇಪು ತಂದು, “ಸದ್ಯಕ್ಕ ಇದನ್ನ ಹಚ್ಚೂಣ್ರಿ” ಅಂದ. ಕಾರ್ಯದರ್ಶಿಗಳೇ ಮೊಣಕಾಲೂರಿ ಕುರ್ಚಿಗೆ ಪಟ್ಟಿ ಕಟ್ಟತೊಡಗಿದರು.

ಆಗ ವೈನಿ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು. “ಹ್ಯಾಂಗ ಅದನೋ ಖುರ್ಚಿ?”

“ಛಲೋ ಅದರಿ ವೈನಿ. ಬೆನ್ನಿಗೆ ಮೆತ್ತಗ ಹತ್ತತದ.”

“ಹೌದೇನು?” ಅಂದರು. ಮಾತು ಅಷ್ಟೇ. ಆರು ವರ್ಷ ಅದರ ಮಗ್ಗುಲಲ್ಲೇ ಕೂತವರು, ದಸರೆಗೆ ಖಂಡೆ ಪೂಜೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿ ಹೂ ಏರಿಸಿದವರು, ಅದು ಹೇಗಿದೆ ಅಂತ ನನ್ನನ್ನು ಕೇಳಬೇಕಾಯಿತು.

ಕಾರ್ಯಕ್ರಮ ಚೆನ್ನಾಗಿ ಆಯಿತು. ಬ್ಯಾನರಿನ ಮೇಲೆ ವೈನಿಯ ಹೆಸರಿಗಿಂತ ‘ಹಂಗಾಮಿ’ ದೊಡ್ಡದಾಗಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ. ಮಕ್ಕಳು ಖರೇನೇ ಅತ್ತರು, ಮಕ್ಕಳಿಗೆ ಹಂಗಾಮಿ ಗಿಂಗಾಮಿ ಗೊತ್ತಿಲ್ಲ. ಕಾರ್ಯದರ್ಶಿಗಳು ಮೈಕ್ ಹಿಡಿದು, “ಮೇಡಮ್ಮಾರು ಹಂಗಾಮಿ ಅಂತ ನಮಗ ಎಂದೂ ಅನಿಸಲೇ ಇಲ್ಲ” ಅಂದರು. ಜೋರು ಚಪ್ಪಾಳೆ. ಅನಿಸಿದ್ದರೆ ಆರ್ಡರ್ ಕೊಡುತ್ತಿದ್ದಿರೇನೋ ಸ್ವಾಮಿ, ಅಂತ ನಾನು ವೇದಿಕೆಯ ಮೇಲೆ ಕೂತು ಹಲ್ಲು ಕಡಿದೆ. (ಹಂಗಾಮಿ ಮುಖ್ಯ ಅತಿಥಿಗೂ ಬಾಯಿ ಇರುವುದಿಲ್ಲ ಅಂತ ಆಗ ತಿಳಿಯಿತು.)

ಎಲ್ಲ ಮುಗಿದ ಮೇಲೆ ಹೆಡ್‌ಮಾಸ್ತರ ಕೋಣೆಯಲ್ಲಿ ಉಪ್ಪಿಟ್ಟು, ಟೀ. ವೈನಿ ತಮ್ಮ ಕಟ್ಟಿಗೆ ಕುರ್ಚಿಯಲ್ಲಿ ಹಾರ ತೆಗೆದು ಕೂತಿದ್ದರು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು.

“ಮೇಡಂ, ಒಂದ್ ಮಾತ್ರಿ. ಸೋಮವಾರದಿಂದ ಹಿಂಗ ಬಂದ್ ಹೋಗ್ರಿ. ಖಾಯಂನವರು ಬರೂತನಕ.”

“ನಾ ರಿಟೈರ್ ಆದೆನಲ್ರೀ?”

“ಅದು ಕಾಗದದಾಗ್ರಿ. ನೀವು ಹಂಗಾಮಿಯಾಗಿ ನೋಡ್ಕೋರಿ. ಒಂದು ತಿಂಗಳ ಮಟ್ಟಿಗೆ.”

ವೈನಿ ಟೀ ಪೂರ್ತಿ ಕುಡಿದು ಕಪ್ಪನ್ನು ಬಸಿಯ ಮೇಲಿಟ್ಟರು.

“ಒಲ್ಲೆರಿ.”

“ಹಂಗ ಒಮ್ಮಿಗೆ ಅನಬ್ಯಾಡ್ರಿ. ಸದ್ಯಕ್ಕ ಹೂಂ ಅನ್ರಿ, ಮುಂದ ನೋಡೂಣು.”

“ಸದ್ಯಕ್ಕ ಅಲ್ರಿ, ಖಾಯಂ ಒಲ್ಲೆ” ಅಂದರು ವೈನಿ. ಇಷ್ಟು ವರ್ಷದಲ್ಲಿ ಆ ಕೋಣೆಯೊಳಗೆ ಖಾಯಂ ಆದದ್ದು ಅದೊಂದೇ.

ಎದ್ದರು. ತಮ್ಮ ಕುರ್ಚಿಯನ್ನು ತಾವೇ ಎತ್ತಿದರು. ಕಾರ್ಯದರ್ಶಿಗಳಿಗೆ ಕಸಿವಿಸಿ. “ಅಲ್ರಿ ಮೇಡಂ, ಖುರ್ಚಿ ಎಲ್ಲಿಗ್ರಿ? ಅದು ಸಾಲೀದಲ್ರೇನು?”

“ನಮ್ಮನೀದರಿ. ನಮ್ಮ ಯಜಮಾನ್ರು ಭಾಳ ದಿನದಿಂದ ಸ್ಟೂಲ್ ಮ್ಯಾಲ ಉಣ್ಣಲಿಕ್ಕೆ ಹತ್ಯಾರ.”

ಹಣ್ಣಿನ ಬುಟ್ಟಿ ನನ್ನ ತೊಡೆಯ ಮೇಲೆ, ಕುರ್ಚಿ ವೈನಿಯ ತೊಡೆಯ ಮೇಲೆ, ಆಟೋ ಗೋಕುಲ ರಸ್ತೆಯಲ್ಲಿ ಹೊರಟಿತು. “ತಿರುಗೋ ಖುರ್ಚಿ ಮ್ಯಾಲ ಒಮ್ಮೆರ ಕೂತು ಬರಬೇಕಿತ್ತಲ್ರಿ ವೈನಿ” ಅಂದೆ. “ಹೋಗೋ, ಪ್ಲಾಸ್ಟಿಕ್ಕಿನ ಮ್ಯಾಲ ಬೆವರು ಬರ್ತದ” ಅಂದರು. ಸ್ವಲ್ಪ ಹೊತ್ತಾದ ಮೇಲೆ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ನಾನು ಹಣ್ಣು ನೋಡುತ್ತ ಕೂತೆ.

ಈಗ ಶಾಲೆಯ ಪಿ.ಟಿ. ಸರ್ ಹಂಗಾಮಿ. ನಿನ್ನೆ ವೈನಿಗೆ ಏನೋ ಕೇಳಲು ಫೋನ್ ಮಾಡಿದ್ದರು. ನಾನೂ ಅಲ್ಲೇ ಇದ್ದೆ, ನಾಲ್ಕನೇ ಕುರ್ಚಿಯಲ್ಲಿ ಕೂತು ಅವಲಕ್ಕಿ ತಿನ್ನುತ್ತ. ವೈನಿ ಕೇಳಿದರು, “ಸರ್, ಎಲ್ಲಿ ಕೂಡಲಿಕ್ಕೆ ಹತ್ತೀರಿ?” ನಿಂತೇ ಕೆಲಸ ಮಾಡುತ್ತಿದ್ದೇನೆ, ಪಿ.ಟಿ.ಯವನಿಗೆ ರೂಢಿ ಇದೆ ಅಂದರಂತೆ.

“ಆ ಪ್ಲಾಸ್ಟಿಕ್ ಹರದು ಒಗದು, ಅದರ ಮ್ಯಾಲ ಕೂಡ್ರಿ ಸರ್. ನನ್ನ ಮಾತು ಕೇಳ್ರಿ.”

ಫೋನಿನಿಂದ ಅವರ ದನಿ ನನಗೂ ಕೇಳಿಸಿತು. “ಬ್ಯಾಡ ಬಿಡ್ರಿ ಮೇಡಂ. ನಂದೇನು, ಒಂದು ತಿಂಗಳ ಮಟ್ಟಿಗೆ!”

ಪಾಪ, ಅವರ ಮನೆಯ ಊಟದ ಮೇಜಿಗೆ ಕುರ್ಚಿ ಎಷ್ಟಿವೆಯೋ?