ಘಾಟಿನ ಜೀಪಿಗೆ ಬಂಪರ್ ಆರಿಸಿದ್ದು

೧೯೮೧ರ ಬೇಸಿಗೆಯಲ್ಲಿ ನಾನು ಪುಣೆಯ ಒಂದು ಖಾಸಗಿ ಗುತ್ತಿಗೆ ಕಂಪನಿಗೆ ವಾಹನ ವಿಭಾಗದ ಎಂಜಿನಿಯರ್ ಆಗಿ ಸೇರಿದೆ. ಹೈಟೆನ್ಶನ್ ವಿದ್ಯುತ್ ಮಾರ್ಗಕ್ಕೆ ಕಬ್ಬಿಣದ ಗೋಪುರಗಳನ್ನು ನಿಲ್ಲಿಸುವುದು ಕಂಪನಿಯ ಕೆಲಸ. ಆಗ ಕೆಲಸ ನಡೆಯುತ್ತಿದ್ದದ್ದು ಭೋರ್ ಪಟ್ಟಣದ ಆಚೆಯ ಘಾಟಿನಲ್ಲಿ. ರಸ್ತೆ ಮುಗಿದ ಮೇಲೂ ಮುಂದೆ ಹೋಗಬೇಕಾದ ಜಾಗಗಳು ಅವು. ಹಾಗಾಗಿ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಫೋರ್‌ವೀಲ್ ಡ್ರೈವ್ ಜೀಪುಗಳೇ ಬೇಕು. ಭೋಸರಿಯಲ್ಲಿದ್ದ ವರ್ಕ್‌ಶಾಪಿನಲ್ಲಿ ಆ ಜೀಪುಗಳನ್ನು ಸುಸ್ಥಿತಿಯಲ್ಲಿ ಇಡುವುದು ನನ್ನ ಹೊಣೆ.

ಸೇರಿದ ವಾರವೇ ಸೈಟ್ ಮ್ಯಾನೇಜರ್ ಜೋಶಿಯವರು ಮೊದಲ ಕೆಲಸ ಒಪ್ಪಿಸಿದರು. ಮಳೆಗಾಲಕ್ಕೆ ಮೊದಲು ಎಲ್ಲ ಜೀಪುಗಳಿಗೂ ಮುಂದಿನ ಬಂಪರ್ ಬದಲಾಯಿಸಬೇಕು. ಕಾರ್ಖಾನೆಯಿಂದ ಜೀಪಿನ ಜೊತೆ ಬರುತ್ತಿದ್ದ ಬಂಪರ್ ಊರೊಳಗಿನ ಓಡಾಟಕ್ಕೆ ಸಾಕಾಗುವಂಥದ್ದು. ಘಾಟಿನ ಬಂಡೆಗಳಿಗೆ ಒಂದೆರಡು ಸಲ ತಾಗಿದರೆ ಅದು ಒಳಕ್ಕೆ ಮಡಚಿ ಟೈರಿಗೆ ಉಜ್ಜುತ್ತಿತ್ತು. ಈಗಿನಂತೆ ಆಗ ಅಂಗಡಿಯಲ್ಲಿ ಸಿದ್ಧ ಬಂಪರ್‌ಗಳು ಸಿಗುತ್ತಿರಲಿಲ್ಲ. ವೆಲ್ಡಿಂಗ್ ಶೆಡ್ಡಿಗೆ ಹೋಗಿ, ಬೇಕಾದ್ದನ್ನು ಹೇಳಿ ಮಾಡಿಸಬೇಕು.

"ಯೋಚನೆ ಮಾಡುವುದೇನಿಲ್ಲ, ಶರಣಪ್ಪನ ಗಾಡಿಗೆ ಇರುವಂಥದ್ದೇ ಎಲ್ಲಕ್ಕೂ ಹಾಕಿಸಿ" ಎಂದು ಜೋಶಿಯವರು ಮರಾಠಿಯಲ್ಲಿ ಹೇಳಿದರು.

ಶರಣಪ್ಪ ನಮ್ಮ ಹಿರಿಯ ಚಾಲಕ. ಆಳಂದ ಕಡೆಯವನು. ತಂದೆತಾಯಿ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದಾಗ ಕೈಹಿಡಿದು ಬಂದವನು, ಯೆರವಡಾದ ಕೂಲಿಕಾರರ ವಸ್ತಿಯಲ್ಲಿ ಬೆಳೆದು ಅಲ್ಲೇ ಮನೆ ಮಾಡಿಕೊಂಡಿದ್ದ. ಮಾತು ಕಡಿಮೆ. ನಾನು ಬಾಗಲಕೋಟೆಯವನೆಂದು ತಿಳಿದ ಮೇಲೆ ನನ್ನೊಡನೆ ಕನ್ನಡದಲ್ಲಿ ನಾಲ್ಕು ಮಾತಾಡುತ್ತಿದ್ದ. ಅವನ ಜೀಪಿನ ಮುಂದೆ ಹಳೆಯ ರೈಲುಹಳಿಯ ತುಂಡಿನಿಂದ ಮಾಡಿದ ಭಾರಿ ಬಂಪರ್ ಇತ್ತು. ಪ್ರತಿ ತಿಂಗಳು ಜೇಜುರಿಗೆ ಹೋಗಿ ಖಂಡೋಬ ದೇವರ ಭಂಡಾರ, ಅಂದರೆ ಪೂಜೆಯ ಅರಿಶಿನಪುಡಿ, ತಂದು ಅದಕ್ಕೆ ಹಚ್ಚುತ್ತಿದ್ದ. ಜೀಪಿನ ಉಳಿದ ಭಾಗ ಕೆಸರಾಗಿದ್ದರೂ ಬಂಪರ್ ಮಾತ್ರ ಒರೆಸಿದಂತಿರುತ್ತಿತ್ತು.

ಅದರ ಕಾರಣವನ್ನು ಜೋಶಿಯವರೇ ಹೇಳಿದರು. ಹಿಂದಿನ ವರ್ಷ ಶರಣಪ್ಪ ಓಡಿಸುತ್ತಿದ್ದ ಜೀಪಿಗೆ ಘಾಟಿನ ತಿರುವಿನಲ್ಲಿ ಇಳಿದು ಬರುತ್ತಿದ್ದ ಟ್ರಕ್ ಡಿಕ್ಕಿ ಹೊಡೆದಿತ್ತು. ಪಕ್ಕದಲ್ಲಿ ಕುಳಿತಿದ್ದ ಸರ್ವೇಯರ್ ಗಣಪತ್ ಅಲ್ಲೇ ತೀರಿಕೊಂಡ. ಶರಣಪ್ಪನಿಗೆ ಪಕ್ಕೆಲುಬು ಮುರಿದಿತ್ತು. ವಿಚಾರಣೆಯಲ್ಲಿ ತಪ್ಪು ಟ್ರಕ್ಕಿನದೇ ಎಂದಾಯಿತು. ಗುಣವಾಗಿ ಬಂದವನು, ತೆಳು ಬಂಪರಿನ ಗಾಡಿ ಮುಟ್ಟುವುದಿಲ್ಲ ಎಂದ. ಕಂಪನಿ ಅವನು ಕೇಳಿದಂತೆಯೇ ಮಾಡಿಸಿಕೊಟ್ಟಿತು.

ನಾನು ಆ ಜೀಪನ್ನು ವರ್ಕ್‌ಶಾಪಿನ ತಪಾಸಣೆ ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿನಿಂದ ನೋಡಿದೆ. ನೋಡಿದ್ದು ಸರಿಬರಲಿಲ್ಲ. ಜೀಪಿನ ಬೆನ್ನೆಲುಬೆಂದರೆ ಚಾಸಿ, ಅಂದರೆ ಉದ್ದಕ್ಕೆ ಹೋಗುವ ಎರಡು ಉಕ್ಕಿನ ತೊಲೆಗಳು. ಬಂಪರನ್ನು ನೇರವಾಗಿ ಅವುಗಳಿಗೇ ವೆಲ್ಡ್ ಮಾಡಿದ್ದರು. ವೆಲ್ಡಿಂಗಿನ ಬಿಸಿಗೆ ಸೊರಗಿದ ಜಾಗದಲ್ಲಿ, ಬೆಸುಗೆಯ ಹಿಂದೆಯೇ, ಕೂದಲೆಳೆಯಂಥ ಬಿರುಕು ಕಾಣಿಸಿತು. ಮೂತಿಯ ಭಾರಕ್ಕೆ ಮುಂದಿನ ಸ್ಪ್ರಿಂಗ್ ಪಟ್ಟಿಗಳು ಕುಸಿದಿದ್ದವು. ಬಂಪರ್ ಗಟ್ಟಿಯಾಗಿತ್ತು, ನಿಜ. ಆದರೆ ಅದು ಪೆಟ್ಟನ್ನು ನುಂಗುತ್ತಿರಲಿಲ್ಲ, ಹಿಂದಕ್ಕೆ ದಾಟಿಸುತ್ತಿತ್ತು. ಸ್ಟಿಯರಿಂಗ್ ಬಾಕ್ಸ್ ಕೂತಿರುವುದು ಅದೇ ಬಿರುಕಿನ ಸ್ವಲ್ಪ ಹಿಂದೆ.

ನನ್ನ ಆಯ್ಕೆ ಬೇರೆಯಾಯಿತು. ಮಧ್ಯಮ ದಪ್ಪದ ಚಾನೆಲ್ ಉಕ್ಕಿನ, ಅಂದರೆ ತೊಟ್ಟಿಯಂತೆ ಅಂಚು ಮಡಚಿದ ಉಕ್ಕಿನ ಬಂಪರ್. ದಿಬ್ಬ ಹತ್ತುವಾಗ ನೆಲಕ್ಕೆ ತಾಗದಂತೆ ಎರಡೂ ತುದಿ ಮೇಲಕ್ಕೆ ಓರೆಯಾಗಿ ಕತ್ತರಿಸಿದ್ದು. ಚಾಸಿಗೂ ಬಂಪರಿಗೂ ನಡುವೆ ಬೋಲ್ಟ್ ಹಾಕಿ ಕೂರಿಸುವ ಬ್ರಾಕೆಟ್ಟುಗಳು. ಪೆಟ್ಟು ಬಿದ್ದರೆ ಮೊದಲು ಬಾಗಬೇಕಾದ್ದು ಬ್ರಾಕೆಟ್. ಅದನ್ನು ಬಿಚ್ಚಿ ಹೊಸದು ಹಾಕಬಹುದು, ಚಾಸಿಯನ್ನು ಹಾಗೆ ಬದಲಿಸಲಾಗುವುದಿಲ್ಲ.

ಜೋಶಿಯವರು ಒಪ್ಪಲಿಲ್ಲ. ಬಾಗುವ ಬಂಪರ್ ಯಾವ ಸೀಮೆಯ ಬಂಪರ್ ಎಂದು ಕೇಳಿದರು. ಕೊನೆಗೆ, ಚಾಲಕರೆಲ್ಲರ ಮುಂದೆ ತೋರಿಸಿದರೆ ಆಮೇಲೆ ನೋಡೋಣ ಎಂದರು.

ತೋರಿಸಿದೆ. ಸ್ಟಿಯರಿಂಗ್ ಸಮೇತ ಗುಜರಿಗೆ ಹಾಕಿದ್ದ ಎರಡು ಹಳೆಯ ಚಾಸಿಗಳಲ್ಲಿ ಒಂದಕ್ಕೆ ಶರಣಪ್ಪನದರಂಥ ಬಂಪರ್ ಬೆಸುಗೆ ಹಾಕಿಸಿದೆ, ಇನ್ನೊಂದಕ್ಕೆ ನನ್ನದನ್ನು ಕೂರಿಸಿದೆ. ಅಂಗಳದ ಕಾಂಕ್ರೀಟ್ ಕಂಬಕ್ಕೆ ಮೂತಿ ಇಟ್ಟು, ಹಿಂದಿನಿಂದ ಟ್ರಕ್ಕಿನಲ್ಲಿ ನಿಧಾನವಾಗಿ ನೂಕಿಸಿದೆ. ನನ್ನದರ ಬ್ರಾಕೆಟ್ಟುಗಳು ಬಾಗಿ ಬಂಪರ್ ಸೊಟ್ಟಗಾಯಿತು, ತೊಲೆಗಳು ನೆಟ್ಟಗೆ ಉಳಿದವು. ರೈಲುಹಳಿಯ ಬಂಪರಿಗೆ ಗೀರು ಬಿದ್ದಿತ್ತು, ಅಷ್ಟೇ. ಅದರ ಹಿಂದಿನ ತೊಲೆ ಬೆಸುಗೆಯ ಬಳಿ ಮಡಚಿ, ಸ್ಟಿಯರಿಂಗ್ ಕಂಬ ಚಾಲಕನ ಎದೆ ಇರಬೇಕಾದ ಜಾಗಕ್ಕೆ ಬಂದು ನಿಂತಿತ್ತು.

ಚಾಲಕರು ಸುತ್ತ ನೆರೆದರು. ಶರಣಪ್ಪ ಮುಂದೆ ಬಂದು ಮಡಚಿದ ತೊಲೆಯನ್ನು ಮುಟ್ಟಿ ನೋಡಿದ.

"ಸಾಹೇಬ್ರ, ಒಂದು ಕೇಳ್ತೀನ್ರಿ. ಹೋದ ವರ್ಷ ನನ್ನ ಗಾಡಿಗೆ ದಪ್ಪ ಬಂಪರ್ ಇದ್ದಿದ್ರ ಗಣಪತ ಉಳಿತಿದ್ದನ್ರಿ?"

ಏನಾದರೂ ಸಮಾಧಾನದ ಮಾತು ಹೇಳಬಹುದಿತ್ತು. ಆದರೆ ಆ ಮಾತನ್ನು ನಂಬಿ ಉಳಿದವರೂ ಗಾಡಿ ಓಡಿಸುವವರು.

"ಇಲ್ಲ ಶರಣಪ್ಪ. ತುಂಬಿದ ಟ್ರಕ್ ಬಂದು ಬಡಿದ್ರ ಯಾವ ಬಂಪರೂ ತಡ್ಯಾಂಗಿಲ್ಲ. ನಾ ಆರಿಸಿದ್ದೂ ತಡ್ಯಾಂಗಿಲ್ಲ."

"ಹಂಗಾದ್ರ ಬಂಪರ್ ತೆಳು ಇತ್ತಂತ ಅವ ಹೋಗಿದ್ದಲ್ಲ" ಎಂದ. ಜೇಬಿನಿಂದ ಕೀಲಿ ತೆಗೆದು ನನ್ನ ಕೈಗಿಟ್ಟು ಗೇಟಿನ ಕಡೆ ನಡೆದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹಟಮಾರಿ, ಬೇರೆಯವನನ್ನು ನೋಡೋಣ ಎಂದರು ಜೋಶಿ. ಹಟದಂತೆ ನನಗೆ ಕಾಣಲಿಲ್ಲ. ಭಾನುವಾರ ಅವನ ಮನೆ ಹುಡುಕಿಕೊಂಡು ಯೆರವಡಾಕ್ಕೆ ಹೋದೆ. ಅವನು ಮನೆಯಲ್ಲಿರಲಿಲ್ಲ. ಹೆಂಡತಿ ಮಲ್ಲಮ್ಮ ರೊಟ್ಟಿ ಬಡಿಯುತ್ತಿದ್ದಳು. ಚಾಪೆ ಹಾಸಿ, ಚಹಾಕ್ಕಿಟ್ಟು, ಒಲೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು.

"ನೀವು ಖರೇ ಹೇಳೀರಿ ಅಂತ ಅವ್ರೇ ಅಂದ್ರು. ನಿಮ್ಮ ಮ್ಯಾಲ ಸಿಟ್ಟಿಲ್ರಿ."

"ಮತ್ತ ಕೆಲಸಕ್ಕ ಯಾಕ ಬರವಲ್ರು, ಅಕ್ಕಾರ?"

"ವರ್ಷದಿಂದ ಒಂದ ಮಾತು ಹೇಳ್ಕೋತ ಬಂದಾರ. ಕಬ್ಬಿಣ ತೆಳು ಇತ್ತು, ಅದಕ್ಕ ಆ ಹುಡುಗ ಹೋದ ಅಂತ. ಅದನ್ನ ಹೇಳ್ಕೊಂಡ ಮ್ಯಾಲ ಊಟ, ಅದನ್ನ ಹೇಳ್ಕೊಂಡ ಮ್ಯಾಲ ನಿದ್ದಿ. ಈಗ ನೀವು ಅದನ್ನ ಬಿಚ್ಚಿ ಇಟ್ರಿ." ರೊಟ್ಟಿಯನ್ನು ಹೆಂಚಿಗೆ ಹಾಕಿ ತಿರುಗಿ ನೋಡಿದಳು. "ಬಿಚ್ಚಬ್ಯಾಡ್ರಿ ಅಂತ ನಾ ಅನ್ನಂಗಿಲ್ರಿ. ಬಿಚ್ಚಿದ ಮ್ಯಾಲ ಆ ಮನಷ್ಯಾ ಏನ್ ಹಿಡ್ಕೋಬೇಕು, ಅದನ್ನೂ ನೀವ ಹೇಳ್ರಿ."

ಆ ಅಪಘಾತದ ಜೀಪನ್ನು ನಾನು ನೋಡಿರಲಿಲ್ಲ. ನಾನು ಸೇರುವ ಮೊದಲೇ ಗುಜರಿಗೆ ಹೋಗಿತ್ತು. ಡಿಕ್ಕಿ ಹೇಗಾಯಿತೆಂದು ವಿಚಾರಿಸದೆ ಸಮಾಧಾನ ಹೇಳುವುದೂ ಸರಿಯಲ್ಲ ಅನ್ನಿಸಿತು. ಶರಣಪ್ಪ ಬಂದ ಮೇಲೆ, ಘಾಟಿನ ಆ ತಿರುವನ್ನು ನನಗೆ ತೋರಿಸು ಎಂದು ಕೇಳಿದೆ. "ಗಾಡಿ ನೀವ ಹೊಡಿಬೇಕ್ರಿ" ಎಂದ.

ನಾನೇ ಓಡಿಸಿದೆ. ಭೋರ್ ದಾಟಿ ಏರು ಶುರುವಾದ ಮೇಲೆ ಅವನು ಒಂದು ತಿರುವಿನ ಮೊದಲು ಕೈ ಎತ್ತಿದ, ನಿಲ್ಲಿಸಿದೆ. ಹತ್ತುವಾಗ ಎಡಕ್ಕೆ ಬಂಡೆಯ ಗೋಡೆ, ಬಲಕ್ಕೆ ಎದುರಿನಿಂದ ಬರುವವರ ಪಾಲಿನ ರಸ್ತೆ, ಅದರಾಚೆ ಕಣಿವೆ.

"ಟ್ರಕ್ ನಮ್ಮ ಬಾಜೂಕ ಬಂತ್ರಿ, ತಿರುವು ಕತ್ತರಿಸಿ. ನಾ ಬಲಕ್ಕ ಹೊಳ್ಳಿಸಿದೆ. ಹೊಳ್ಳಿಸಿದ ಕೂಡ್ಲೆ ಜೀಪಿನ ಎಡಗಡಿ ಅದರ ಮುಂದ ಬಂತು." ಅವನು ತನ್ನ ಎರಡೂ ಅಂಗೈಗಳನ್ನು ಜೀಪು, ಟ್ರಕ್ಕು ಎಂಬಂತೆ ಹಿಡಿದು ತೋರಿಸಿದ. "ಎಡಗಡಿ ಗಣಪತ ಕುಂತಿದ್ದ. ಎಡಕ್ಕ ಹೊಳ್ಳಿಸಿದ್ರ ಏಟು ನನಗ ಬೀಳ್ತಿತ್ತು. ಇದನ್ನ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ರಿ."

ಆಗ ನನಗೆ ಅರ್ಥವಾಯಿತು. ಅಷ್ಟು ದಿನ ಒರೆಸಿ, ಭಂಡಾರ ಹಚ್ಚಿ ಅವನು ಆ ಬಂಪರನ್ನು ಕಾಪಾಡಿಕೊಂಡು ಬಂದದ್ದು ಆ ಒಂದು ಕ್ಷಣವನ್ನು ಮುಚ್ಚಿಟ್ಟುಕೊಳ್ಳುವುದಕ್ಕೆ. ಬಂಪರಿನ ತಪ್ಪಾದರೆ ಅವನ ಕೈಯ ತಪ್ಪಲ್ಲ.

ನಾನು ಕೆಳಗಿಳಿದು ರಸ್ತೆಯ ಅಗಲ ನೋಡಿದೆ, ತಿರುವಿನಿಂದ ಟ್ರಕ್ ಎಲ್ಲಿ ಕಾಣಿಸಬಹುದೆಂದು ನೋಡಿದೆ. ನನಗೆ ಗೊತ್ತಿದ್ದಷ್ಟನ್ನೇ ಹೇಳಿದೆ. "ಎಡಕ್ಕ ಜಾಗಾ ಇಲ್ಲ, ಶರಣಪ್ಪ. ಬಂಡೆಗಲ್ಲು ಅದ. ಟ್ರಕ್ ಕಂಡಾಗಿಂದ ಬಡಿಯೂತನಕ ಉಸಿರು ತಗೊಳ್ಳೂ ಅಷ್ಟೂ ವ್ಯಾಳ್ಯಾ ಇಲ್ಲಿ ಸಿಗಂಗಿಲ್ಲ. ಕಣ್ಣಿಗೆ ಖಾಲಿ ಕಂಡ ಕಡೆ ಕೈ ಹೊಳ್ಳತದ. ಯಾರ ಏಟು ಯಾರಿಗೆ ಅಂತ ಕೈ ವಿಚಾರ ಮಾಡಂಗಿಲ್ಲ."

"ಇದು ನಿಮ್ಮ ಲೆಕ್ಕ ಅದರಿ" ಎಂದ. ದನಿಯಲ್ಲಿ ಬೇಸರವಿರಲಿಲ್ಲ. "ಗಣಪತನ ಅವ್ವ ಜೇಜುರಿಯಾಗ ಅದಾಳ. ತಿಂಗಳಾ ಅಲ್ಲಿ ಹೋಗ್ತೀನಿ, ಗುಡಿ ಪಾವಟಗಿ ಹತ್ತತೀನಿ, ಇಳಿತೀನಿ. ಅಕಿ ಓಣಿಗೆ ಒಂದ ಸಲನೂ ಕಾಲಿಟ್ಟಿಲ್ಲ."

ಮುಂದಿನ ಭಾನುವಾರ ಇಬ್ಬರೂ ಜೇಜುರಿಗೆ ಹೋದೆವು. ನನ್ನನ್ನು ಬರಹೇಳಿದ್ದು ಅವನೇ. ಗಣಪತನ ತಾಯಿ ಅನಸೂಯಾಬಾಯಿ ದೇವಸ್ಥಾನದ ಕೆಳಗಿನ ಓಣಿಯಲ್ಲಿ ತೆಂಗಿನಕಾಯಿ, ಭಂಡಾರದ ಪೊಟ್ಟಣ ಇಟ್ಟುಕೊಂಡು ಮಾರುತ್ತಿದ್ದಳು. ಗಿರಾಕಿಗಳೆಂದುಕೊಂಡು ಪೊಟ್ಟಣ ಮುಂದೆ ಮಾಡಿದಳು. ಶರಣಪ್ಪ ತನ್ನ ಹೆಸರು ಹೇಳಿದ. ಅವಳು ಪೊಟ್ಟಣ ಕೆಳಗಿಟ್ಟು, "ಬಸಾ" ಎಂದು ಕೂರಲು ತೋರಿಸಿದಳು.

ಅವನು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದ. ಟ್ರಕ್ಕು, ತಿರುವು, ಬಲಕ್ಕೆ ಹೊರಳಿದ ಕೈ. ಅಂಗಡಿಯ ಮುಂದೆ ಜನ ಹಾಯುತ್ತಿದ್ದರು. ಅವಳು ನಡುವೆ ಒಂದೇ ಪ್ರಶ್ನೆ ಕೇಳಿದಳು: ಗಣಪತನಿಗೆ ಟ್ರಕ್ಕು ಕಾಣಿಸಿತ್ತೆ? ಇಲ್ಲ, ತೊಡೆಯ ಮೇಲೆ ನಕ್ಷೆ ಬಿಡಿಸಿಕೊಂಡು ನೋಡುತ್ತಿದ್ದ ಎಂದು ಶರಣಪ್ಪ ಹೇಳಿದ. ಅವಳು ಕೆಳಗಿಟ್ಟಿದ್ದ ಪೊಟ್ಟಣವನ್ನು ಎತ್ತಿ ಉಳಿದವುಗಳ ಜೊತೆ ಇಟ್ಟಳು.

"ಬರಂ ಝಾಲಂ ಸಾಂಗಿತಲಂಸ" ಎಂದಳು, ಹೇಳಿದ್ದು ಒಳ್ಳೆಯದಾಯಿತು ಎಂದು. ಆಮೇಲೆ ಹೇಳಿದ ಮಾತನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ: "ನೀನು ಬೇಕೆಂದು ಮಾಡಲಿಲ್ಲ, ಅದು ನನಗೆ ತಿಳಿಯುತ್ತದೆ. ಆದರೆ ಮತ್ತೆ ಇಲ್ಲಿಗೆ ಬರಬೇಡ. ನಿನ್ನನ್ನು ನೋಡಿದಾಗಲೆಲ್ಲ ನಾನೂ ಎಡಕ್ಕೋ ಬಲಕ್ಕೋ ಎಂದು ಲೆಕ್ಕ ಹಾಕುತ್ತ ಕೂತುಬಿಡುತ್ತೇನೆ."

ಶರಣಪ್ಪ ಅವಳ ಕಾಲು ಮುಟ್ಟಲು ಬಾಗಿದ. ಅವಳು ತಡೆಯಲೂ ಇಲ್ಲ, ತಲೆಯ ಮೇಲೆ ಕೈ ಇಡಲೂ ಇಲ್ಲ. ಪುಣೆಯ ಬಸ್ಸು ಹಿಡಿದೆವು. ಸಾಸವಡ ದಾಟಿದ ಮೇಲೆ, ಹೋದದ್ದು ತಪ್ಪಾಯಿತೇನೋ ಎಂದು ನಾನು ಕೇಳಿದೆ. "ಇಲ್ರಿ. ಅಕಿ ಬೈತಾಳ ಇಲ್ಲಾ ಮಾಫ್ ಮಾಡ್ತಾಳ ಅನ್ಕೊಂಡಿದ್ದೆ. ಎರಡೂ ಮಾಡ್ಲಿಲ್ಲ" ಎಂದ.

ಮರುದಿನ ಕೆಲಸಕ್ಕೆ ಬಂದು, ತನ್ನ ಜೀಪಿನ ಬಂಪರನ್ನು ತಾನೇ ನಿಂತು ಕತ್ತರಿಸಿ ತೆಗೆಸಿದ. ಚಾಸಿಯ ಬಿರುಕಿಗೆ ಪಟ್ಟಿ ಕೂರಿಸಿ ರಿಪೇರಿ ಮಾಡಿ, ಹೊಸ ಬಂಪರ್ ಹಾಕಿದೆವು. ಜೋಶಿಯವರೂ ಒಪ್ಪಿ, ಮಳೆ ಶುರುವಾಗುವಷ್ಟರಲ್ಲಿ ಎಲ್ಲ ಜೀಪುಗಳಿಗೂ ಅದೇ ಬಂತು. ಆಷಾಢದಲ್ಲಿ ಬೇರೊಬ್ಬ ಚಾಲಕನ ಜೀಪು ಜಾರಿ ಬಂಡೆಗೆ ಬಡಿಯಿತು. ಬ್ರಾಕೆಟ್ಟುಗಳು ಬಾಗಿದವು, ಚಾಲಕ ಇಳಿದು ನಡೆದುಬಂದ. ಜೋಶಿಯವರು ಇನ್ನೊಂದು ಜೊತೆ ಬ್ರಾಕೆಟ್ ಮಾಡಿಸಲು ಹೇಳಿದರು.

ಶರಣಪ್ಪ ಕೆಲಸ ಬಿಡಲಿಲ್ಲ. ಆದರೆ ತನ್ನ ಪಕ್ಕದ ಎಡಗಡೆಯ ಸೀಟಿನಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಅಲ್ಲಿ ಟೂಲ್‌ಬಾಕ್ಸ್ ಇಟ್ಟು ಹಗ್ಗದಿಂದ ಬಿಗಿಯುತ್ತಿದ್ದ. ಎಂಜಿನಿಯರುಗಳು ಹಿಂದಿನ ಬೆಂಚಿನಲ್ಲಿ ಕುಲುಕಾಡಿ ಬಂದು ನನ್ನ ಬಳಿ ದೂರು ಹೇಳುತ್ತಿದ್ದರು. ಆ ಜೀಪಿನಲ್ಲಿ ಅದು ಹಾಗೆಯೇ ಇರಲಿ ಎಂದು ನಾನು ಹೇಳಿ ಕಳಿಸುತ್ತಿದ್ದೆ. ಕಾರಣವನ್ನು ಅವರಿಗೆ ಹೇಳಲಿಲ್ಲ.

ನಂತರ ಬಹಳ ವರ್ಷ ವಾಹನಗಳ ನಡುವೆಯೇ ಕೆಲಸ ಮಾಡಿದೆ. ಕಾರ್ಖಾನೆ ಕೊಟ್ಟದ್ದಲ್ಲದ, ಯಾರೋ ತಾವಾಗಿ ಹಾಕಿಸಿಕೊಂಡ ಭಾಗ ಗಾಡಿಯಲ್ಲಿ ಕಂಡರೆ, ಅದು ಎಷ್ಟೇ ಅಸಂಬದ್ಧವಾಗಿ ಕಾಣಲಿ, ಬಿಚ್ಚುವ ಮೊದಲು ಓಡಿಸುವವನನ್ನು ಕರೆದು ಎರಡು ಪ್ರಶ್ನೆ ಕೇಳುತ್ತಿದ್ದೆ. ಇದನ್ನು ಯಾವಾಗ ಹಾಕಿಸಿದಿರಿ? ಅದಕ್ಕೆ ಮೊದಲು ಏನಾಗಿತ್ತು? ಹೆಚ್ಚಿನವರು ಗಾಡಿಯ ವಿಷಯ ಹೇಳುತ್ತಿದ್ದರು. ಕೆಲವರು ಮಾತ್ರ ಉತ್ತರ ಹೇಳುವ ಬದಲು ಆ ಭಾಗವನ್ನು ಕೈಯಿಂದ ಒರೆಸುತ್ತಿದ್ದರು. ಅಂಥವರ ಗಾಡಿಯನ್ನು ಅಂದೇ ಬಿಚ್ಚಲು ನಾನು ಹೇಳುತ್ತಿರಲಿಲ್ಲ. ಚಹಾ ತರಿಸಿ, ಅವರು ಮಾತು ಶುರುಮಾಡಲೆಂದು ಕಾಯುತ್ತಿದ್ದೆ.