ಇಲ್ಲದ ಸರಕಾರದ ಪದಕ

ನಮ್ಮ ಮನೆತನದ ಮದುವೆ ಫೋಟೊಗಳನ್ನು ನೋಡಿದವರು ಒಂದು ಮಾತು ಕೇಳಿಯೇ ಕೇಳುತ್ತಾರೆ: ಈ ಯಜಮಾನರ ಕೋಟಿನ ಮೇಲೆ ಅದೇನು ಹೊಳೆಯುತ್ತಿದೆ? ಲಿಂಗಸುಗೂರಿನ ಫೋಟೊಗ್ರಾಫರನೊಬ್ಬ ಅದನ್ನು ಕಲೆಯೆಂದೇ ತಿಳಿದು, ಬಹಳ ಮುತುವರ್ಜಿಯಿಂದ ಬಣ್ಣ ಹಚ್ಚಿ ಅಳಿಸಿಕೊಟ್ಟಿದ್ದ. ನಮ್ಮ ಕಾಕಾ ಆ ಫೋಟೊವನ್ನು ಅವನ ಮೇಜಿನ ಮೇಲೇ ಇಟ್ಟು, ಕಲೆಯಿರುವ ಪ್ರತಿಯನ್ನೇ ಮತ್ತೆ ಹಾಕಿಸಿಕೊಂಡು ಬಂದ. ಅದು ಕಲೆಯಲ್ಲ, ಪೂರ್ವ ಜರ್ಮನಿಯ ಪದಕ. ಆಗ ಪೂರ್ವ ಜರ್ಮನಿ ಇತ್ತು. ಆಮೇಲೆ ಅದು ಇಲ್ಲವಾಯಿತು, ಪದಕ ಉಳಿಯಿತು. ನನ್ನ ಗೊಂದಲ ಶುರುವಾದದ್ದು ಅಲ್ಲಿಂದ. ಇನ್ನೂ ಪೂರ್ತಿ ಇಳಿದಿಲ್ಲ.

ಕಾಕಾ ಅಂದರೆ ಶಿವಪುತ್ರಪ್ಪ, ನನ್ನ ತಂದೆಯ ತಮ್ಮ. ತುರ್ವಿಹಾಳ ಬಿಟ್ಟು ಹಟ್ಟಿಯ ಚಿನ್ನದ ಗಣಿ ಸೇರಿದವನು, ನೆಲದೊಳಗೆ ನೀರೆತ್ತುವ ಪಂಪುಗಳ ಕೆಲಸ. ಎಂಬತ್ತರ ದಶಕದ ಮೊದಲಲ್ಲಿ ತರಬೇತಿಗೆಂದು ಪೂರ್ವ ಜರ್ಮನಿಯ ಗಣಿಯೊಂದಕ್ಕೆ ಹೋಗಿ ಬಂದ. ಅಲ್ಲಿ ಒಮ್ಮೆ ಸುರಂಗಕ್ಕೆ ನೀರು ನುಗ್ಗಿದಾಗ ಇವನಿದ್ದ ಗ್ಯಾಂಗು ಮನೆಗೆ ಹೋಗದೆ ನಿಂತು ನೀರೆತ್ತಿ ಗಣಿ ಉಳಿಸಿತಂತೆ. ಅದಕ್ಕೆ ಸಿಕ್ಕದ್ದು ಈ ಪದಕ. ಎಂಟಾಣೆಯಷ್ಟು ಅಗಲ, ಬಂಗಾರದ ಬಣ್ಣ, ನಡುವೆ ಸುತ್ತಿಗೆ ಮತ್ತು ಕೈವಾರ, ಸುತ್ತಲೂ ತೆನೆ. ಆ ತೆನೆ ಜೋಳದ್ದೋ ಭತ್ತದ್ದೋ ಎಂದು ತುರ್ವಿಹಾಳದ ಕಟ್ಟೆಯಲ್ಲಿ ಬಹಳ ದಿನ ಚರ್ಚೆಯಾಯಿತು. ಹೊಲಕ್ಕೆ ಕಾಲುವೆ ನೀರು ಬಂದವರು ಭತ್ತವೆಂದರು, ಬಾರದವರು ಜೋಳವೆಂದರು.

ಪದಕದ ಬಗ್ಗೆ ಯಾರಾದರೂ ಹೊಗಳಿದರೆ ಕಾಕಾ ಕೂಡಲೇ ತಿದ್ದುತ್ತಿದ್ದ. “ನನಗೊಬ್ಬಗ ಕೊಟ್ಟಿಲ್ಲೋ. ನಮ್ಮ ಗ್ಯಾಂಗಿಗೆ ಕೊಟ್ಟಾರ. ಎಲ್ಲಾರ ಎದಿ ಮ್ಯಾಲೂ ಒಂದೊಂದು ಐತಿ.” ಇದು ನಮ್ಮವರಿಗೆ ಅರ್ಥವಾಗುತ್ತಿರಲಿಲ್ಲ. ನಮ್ಮಲ್ಲಿ ಸನ್ಮಾನವೆಂದರೆ ಒಬ್ಬನಿಗೆ ಶಾಲು, ಉಳಿದವರಿಗೆ ಚಪ್ಪಾಳೆ. ಗುಂಪಿಗೆ ಗುಂಪೇ ಶಾಲು ಹೊದಿಸಿಕೊಂಡರೆ ಚಪ್ಪಾಳೆ ಹೊಡೆಯುವವರು ಯಾರು?

ಎರಡು ಜರ್ಮನಿಗಳು ಒಂದಾದ ಮರುವರ್ಷ ಕಾಕಾನ ಮಗಳು ಸುಮಂಗಲಾಳ ನಿಶ್ಚಯ ಆಯಿತು. ಬೀಗರು ಮಸ್ಕಿ ಕಡೆಯ ಒಂದು ಹಳ್ಳಿಯ ದೇಸಾಯರು. ದೊಡ್ಡ ಮನೆತನ, ದೊಡ್ಡ ಮೀಸೆ, ಒಳ್ಳೆಯ ಮಾತುಗಾರರು. ಬೀಗರಾದ ಮೇಲೆ ಬೀಗರನ್ನು ಚ್ಯಾಷ್ಟಿ ಮಾಡಬೇಕು, ಅಂದರೆ ಗೇಲಿ ಮಾಡಿ ನಗಬೇಕು, ಅದು ನಮ್ಮ ಕಡೆಯ ಪದ್ಧತಿ. ಅವತ್ತು ದೇಸಾಯರು ಎಲ್ಲರೂ ಚಹ ಕುಡಿಯುತ್ತಿದ್ದಾಗ ಕಾಕಾನ ಕೋಟಿನ ಕಡೆ ನೋಡಿ, “ಏನ್ರಿ ಬೀಗರ, ಆ ದೇಶನ ಮುಳುಗಿ ಹೋತಂತ. ನೀವು ಇನ್ನೂ ಅದರ ಬಿಲ್ಲೆ ಹಚ್ಚಿಗೊಂಡು ಅಡ್ಡಾಡಾಕತ್ತೀರಿ?” ಅಂದರು. ಎಲ್ಲರೂ ನಕ್ಕರು. ಕಾಕಾನೂ ನಕ್ಕ. ಮನೆಗೆ ಬಂದವನೇ ಪದಕ ಬಿಚ್ಚಿ ಹೆಂಡತಿಯ, ಅಂದರೆ ನಮ್ಮ ಚಿಗವ್ವನ, ಕೈಗೆ ಕೊಟ್ಟ. ಅವಳು ಅದನ್ನು ಕುಂಕುಮದ ಭರಣಿಯಲ್ಲಿಟ್ಟಳು.

ಮರುವಾರ ಕಾಕಾ ಹಟ್ಟಿಯಿಂದ ಬಸ್ಸು ಹಿಡಿದು ನನ್ನ ಮನೆಗೆ ಬಂದ. ನಾನಾಗ ಲಿಂಗಸುಗೂರಿನಲ್ಲಿ ಕಾಲೇಜು ಹುಡುಗರಿಗೆ ಇತಿಹಾಸ ಹೇಳುತ್ತಿದ್ದೆ.

“ನೀ ಇತಿಹಾಸ ಓದಿದಾಂವ. ಖರೇ ಹೇಳು, ಮಗಳ ಮದುವ್ಯಾಗ ನಾ ಅದನ್ನ ಹಚ್ಚಿಗೋಬೇಕೋ ಬ್ಯಾಡೋ?”

ಹುಡುಗರು ಪ್ರಶ್ನೆ ಕೇಳಿದರೆ ‘ಮುಂದಿನ ತರಗತಿಯಲ್ಲಿ ನೋಡೋಣ’ ಎಂದು ತಪ್ಪಿಸಿಕೊಳ್ಳಬಹುದು. ಕಾಕಾ ಎದುರಿಗೆ ಚಾಪೆಯ ಮೇಲೆ ಕೂತುಬಿಟ್ಟಿದ್ದ. ಧೈರ್ಯವಾಗಿ, “ಹಚ್ಚಿಗೋ ಕಾಕಾ, ಕೊಟ್ಟದ್ದು ಕೊಟ್ಟಂಗ” ಎಂದೆ. ಅವನು ಸಮಾಧಾನದಿಂದ ಹೋದ. ಅವನ ಬಸ್ಸು ಹೊರಟ ಮೇಲೆ ನನಗೆ ಅಜ್ಜಿಯ ಹಾಲಿ ಸಿಕ್ಕಾ ನೆನಪಾಯಿತು. ಅವು ನಿಜಾಮನ ಕಾಲದ ರೂಪಾಯಿಗಳು. ನಿಜಾಮನ ರಾಜ್ಯ ಹೋದ ಮೇಲೆ ಅವಕ್ಕೆ ಅಂಗಡಿಯಲ್ಲಿ ಒಂದು ಕಟ್ಟು ಬೀಡಿಯೂ ಹುಟ್ಟಲಿಲ್ಲ. ಹಾಗಾದರೆ ಪದಕದ್ದೂ ಅದೇ ಗತಿಯಲ್ಲವೇ? ಮುಂದಿನ ಸಲ ಸಿಕ್ಕಾಗ, “ಬ್ಯಾಡ ಅನಸ್ತದ ಕಾಕಾ” ಎಂದೆ. ಅವನ ಮುಖ ಸಣ್ಣದಾಯಿತು. ಆದರೆ ಅದೇ ಅಜ್ಜಿ ಆ ರೂಪಾಯಿಗಳಿಗೆ ತೂತು ಹಾಕಿಸಿ ಸರ ಮಾಡಿಕೊಂಡು ಸಾಯುವವರೆಗೆ ಕೊರಳಲ್ಲಿ ಹಾಕಿಕೊಂಡಿದ್ದಳು. ಸಂತೆಯಲ್ಲಿ ಸತ್ತದ್ದು ಕೊರಳಲ್ಲಿ ಬದುಕಿತ್ತು. ಇದನ್ನು ಯಾವ ಕಡೆಗೆ ಹಿಡಿಯಬೇಕೆಂದು ನನಗೆ ತಿಳಿಯದಾಯಿತು.

ಪುಸ್ತಕಗಳನ್ನಾದರೂ ನೋಡೋಣವೆಂದು ಕಾಲೇಜಿನ ಗ್ರಂಥಾಲಯದಲ್ಲಿ ಕೂತೆ. ಓದಿದಷ್ಟೂ ತಲೆ ಕೆಟ್ಟಿತು. ಹಿಟ್ಲರನ ಯುದ್ಧದಲ್ಲಿ ಪದಕ ಪಡೆದವರು ಯುದ್ಧ ಸೋತ ಮೇಲೆ ಏನು ಮಾಡಬೇಕು? ಪಶ್ಚಿಮ ಜರ್ಮನಿಯವರು ಹನ್ನೆರಡು ವರ್ಷ ಯೋಚಿಸಿ ಒಂದು ಕಾನೂನು ಮಾಡಿದರು: ಪದಕ ಹಾಕಿಕೊಳ್ಳಬಹುದು, ಅದರ ಮೇಲಿನ ಹಿಟ್ಲರನ ಗುರುತು ಮಾತ್ರ ಇರಬಾರದು. ಅಂದರೆ ಶೌರ್ಯವನ್ನು ಇಟ್ಟುಕೊಂಡು ಕೊಟ್ಟವನನ್ನು ಅಳಿಸುವುದು. ನಮ್ಮ ಫೋಟೊಗ್ರಾಫರನನ್ನು ಕರೆಸಿದ್ದರೆ ಬೇಗ ಮಾಡಿಕೊಡುತ್ತಿದ್ದ. ಅವರು ಕಟ್ಟಿದ ಹೊಸ ಸೈನ್ಯವಂತೂ ಇಪ್ಪತ್ತೈದು ವರ್ಷ ತನ್ನದೇ ಒಂದು ಪದಕವಿಲ್ಲದೆ ಕವಾಯತು ಮಾಡಿತಂತೆ. ಸಾಕಪ್ಪ ಈ ಬಿಲ್ಲೆಗಳ ಸಹವಾಸ ಅನ್ನಿಸಿತ್ತೋ ಏನೋ. ಪೂರ್ವದವರು ಇದಕ್ಕೆ ತದ್ವಿರುದ್ಧ. ಗಣಿಯವನಿಗೊಂದು, ರೈಲಿನವನಿಗೊಂದು, ಮಾಸ್ತರನಿಗೊಂದು, ಒಟ್ಟಿಗೆ ದುಡಿದ ಗುಂಪಿಗೊಂದು. ಆ ದೇಶದಲ್ಲಿ ಪದಕವಿಲ್ಲದ ಕೋಟು ಸಿಗುವುದೇ ಕಷ್ಟವಿತ್ತೆಂದು ಕಾಣುತ್ತದೆ. ಈಗ ಅವನ್ನೆಲ್ಲ ಬರ್ಲಿನ್ನಿನ ಬೀದಿಯಲ್ಲಿ ಗೋಣಿತಟ್ಟಿನ ಮೇಲೆ ಹರವಿ ಮಾರುತ್ತಿದ್ದಾರೆಂದು ಪತ್ರಿಕೆಯಲ್ಲಿ ಬಂದಿತ್ತು. ಗೋಣಿತಟ್ಟು ನನ್ನ ಕಲ್ಪನೆ. ಆ ಸುದ್ದಿಯನ್ನು ನಾನು ಕಾಕಾನಿಗೆ ತೋರಿಸಲಿಲ್ಲ.

ದೇಶ ಕಳೆದುಕೊಂಡವರನ್ನೇ ಕೇಳಿದರಾಯಿತು ಎಂದು ಒಂದು ಭಾನುವಾರ ಸಿಂಧನೂರಿನ ಪುನರ್ವಸತಿ ಶಿಬಿರವಾದ ಆರ್.ಎಚ್. ಕ್ಯಾಂಪಿಗೆ ಹೋದೆ. ಅಲ್ಲಿ ನನ್ನ ಪರಿಚಯದ ಮಂಡಲ್ ಬಾಬು ಇದ್ದರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ನಮ್ಮ ಕಪ್ಪು ನೆಲದಲ್ಲಿ ಭತ್ತ ಬೆಳೆದವರು. ಅವರು ಬಿಟ್ಟು ಬಂದ ಮೇಲೆ ಆ ದೇಶದ ಹೆಸರೂ ಬದಲಾಯಿತು. ಹರೆಯದಲ್ಲಿ ಅಲ್ಲಿ ಫುಟ್‌ಬಾಲಿನಲ್ಲಿ ಗೆದ್ದ ಒಂದು ಬೆಳ್ಳಿ ಬಣ್ಣದ ಕಪ್ಪನ್ನು ಅವರು ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಈಗ ಅದರಲ್ಲಿ ಅವರ ಹೆಂಡತಿ ಅಕ್ಕಿ ಅಳೆಯುತ್ತಿದ್ದರು. ನಾನು ಸುತ್ತಿ ಬಳಸಿ ಕೇಳಿದೆ. ಅವರು ನೇರವಾಗಿ ಹೇಳಿದರು: “ಗೋಲ್ ಹೊಡದಾಂವ ನಾನು, ಸರ್. ಪಾಕಿಸ್ತಾನ ಏನು ಹೊಡದಿಲ್ಲ.”

ಇದು ಸರಿಯೆನಿಸಿತು. ಆದರೆ ಬರುವಾಗ ಬಸ್ಸಿನಲ್ಲಿ ಮತ್ತೆ ಅನುಮಾನ. ಗೋಲು ಹೊಡೆದವರೇ ತಮಗೆ ತಾವೇ ಕಪ್ಪು ಕೊಟ್ಟುಕೊಳ್ಳಲಾಗುತ್ತದೆಯೇ? ಕೊಡಲು ಇನ್ನೊಬ್ಬರು ಬೇಕಲ್ಲ. ಕಾಕಾನ ಸಂಕಟವೂ ಅದೇ ಇರಬೇಕು. ನೀರೆತ್ತಿದ್ದು ಸುಳ್ಳಲ್ಲ, ಅದು ಅವನಿಗೂ ಗೊತ್ತು. ಆದರೆ ಅದಕ್ಕೆ ಹೌದು ಎಂದು ಹೇಳಿದ ದೇಶವೇ ಬಾಗಿಲು ಹಾಕಿತ್ತು. ಮದುವೆಯ ದಿನ ನಾಲ್ಕು ಜನರ ಮುಂದೆ ಅದನ್ನು ಹಚ್ಚಿಕೊಂಡು ನಿಂತರೆ ಹೆಣ್ಣಿನ ತಂದೆ ನಗೆಪಾಟಲಾಗುತ್ತಾನೆ, ಹಚ್ಚಿಕೊಳ್ಳದಿದ್ದರೆ ತನ್ನ ದುಡಿಮೆಯೇ ಸುಳ್ಳೆಂದು ತಾನೇ ಒಪ್ಪಿಕೊಂಡಂತೆ. ನನಗೆ ಅವನನ್ನು ನೆನೆದು ಬಹಳ ಕೆಡುಕೆನಿಸಿತು. ಒಂದು ನೆಟ್ಟಗಿನ ಉತ್ತರ ಕೊಡಲಾಗದ ನನ್ನ ಎಂ.ಎ. ಬಗ್ಗೆ ಇನ್ನೂ ಕೆಡುಕೆನಿಸಿತು.

ಮದುವೆ ಮಸ್ಕಿಯಲ್ಲಿ ಆಯಿತು. ಮಸ್ಕಿಯೆಂದರೆ ಅಶೋಕನ ಶಾಸನವಿರುವ ಊರು. ಆ ಬಂಡೆಯ ಮೇಲೆ ‘ದೇವಾನಾಂಪ್ರಿಯ’ ಎಂಬ ಬಿರುದು ಇವತ್ತಿಗೂ ಇದೆ. ಸಾಮ್ರಾಜ್ಯ ಹೋಗಿ ಎರಡು ಸಾವಿರ ವರ್ಷದ ಮೇಲಾಯಿತು, ಬಿರುದು ಬಿಚ್ಚಿಡು ಎಂದು ಅಶೋಕನಿಗೆ ಯಾರೂ ಹೇಳಿಲ್ಲ. ಇದನ್ನು ಕಾಕಾನಿಗೆ ಹೇಳೋಣವೆಂದು ನೋಡಿದರೆ ಅವನು ಬರೀ ಕೋಟಿನಲ್ಲಿ ನಿಂತಿದ್ದ. ಪದಕವಿದ್ದ ಜಾಗದಲ್ಲಿ ಬಟ್ಟೆಯ ಬಣ್ಣ ಬಿಸಿಲು ಕಾಣದೆ ಗಾಢವಾಗಿ ಉಳಿದಿತ್ತು. ಅವನ ಕೈ ಆಗಾಗ ಅಲ್ಲಿಗೇ ಹೋಗುತ್ತಿತ್ತು.

ಅಕ್ಷತೆ ಮುಗಿದು ಆಯೇರಿ ಶುರುವಾಯಿತು. ಬೀಗರು ಬೀಗರಿಗೆ ಬಟ್ಟೆ ಕೊಟ್ಟು ರುಮಾಲು ಸುತ್ತುವ ಹೊತ್ತು. ದೇಸಾಯರು ಕಾಕಾನ ತಲೆಗೆ ರುಮಾಲು ಸುತ್ತುತ್ತಿದ್ದಾಗ ಚಿಗವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಚ್ಯಾಷ್ಟಿ ಮಾಡುವ ಹಕ್ಕು ಹೆಣ್ಣಿನ ಕಡೆಯವರಿಗೂ ಇದೆಯಲ್ಲ.

“ಬೀಗರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ದೇಸಾಯಿ ಅಂತ ಹೆಸರು ಕೊಟ್ಟ ಸರಕಾರ ಈಗ ಯಾವ ಊರಾಗ ಐತ್ರಿ?”

ಹೆಂಗಸರ ಕಡೆಯಿಂದ ನಗೆ ಎದ್ದಿತು. ದೇಸಾಯರ ಕೈ ರುಮಾಲಿನ ಮೇಲೇ ನಿಂತಿತು. ನಾನು ಬೆಪ್ಪನಂತೆ ನೋಡುತ್ತಿದ್ದೆ. ಕಂದಾಯ ಎತ್ತುವ ಅಧಿಕಾರವಾದ ದೇಸಗತಿಯನ್ನು ಕೊಟ್ಟ ಬಾದಶಹನಿಲ್ಲ, ನಡೆಸಿದ ನಿಜಾಮನಿಲ್ಲ, ಅದಕ್ಕೆಂದು ಬಿಟ್ಟ ಭೂಮಿಯ ವತನು ರದ್ದಾಗಿ ಎಷ್ಟೋ ಕಾಲವಾಗಿದೆ. ಆದರೂ ಲಗ್ನಪತ್ರಿಕೆಯಲ್ಲಿ ಆ ಹೆಸರು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು. ಅದೇ ಪತ್ರಿಕೆಯ ಕರಡು ತಿದ್ದಿದ್ದ ನನಗೆ ಇದು ಹೊಳೆದಿರಲಿಲ್ಲ.

ದೇಸಾಯರು ಎಲ್ಲರಿಗಿಂತ ತಡವಾಗಿ ನಕ್ಕರು, ಆದರೆ ಎಲ್ಲರಿಗಿಂತ ಜೋರಾಗಿ. “ಎಲ್ಲೈತಿ ಅದು, ತರ್ರಿ ಇಲ್ಲಿ” ಎಂದು ಕೈ ಚಾಚಿದರು. ಚಿಗವ್ವ ಭರಣಿಯನ್ನು ಜೊತೆಗೇ ತಂದಿದ್ದಳು. ಕುಂಕುಮ ಮೆತ್ತಿದ ಪದಕವನ್ನು ತೆಗೆದು ಕೊಟ್ಟಳು. ದೇಸಾಯರು ಅದನ್ನು ತಮ್ಮ ಶಲ್ಯದಿಂದ ಒರೆಸಿ, ಕಾಕಾನ ಕೋಟಿಗೆ ಚುಚ್ಚಿದರು. “ಒಂದು ಇಲ್ಲದ ಸರಕಾರ ಕೊಟ್ಟಿತ್ತು. ಈಗ ಇನ್ನೊಂದು ಇಲ್ಲದ ಸರಕಾರ ಹಚ್ಚೇತಿ. ಇನ್ನ ಯಾರು ಬಿಚ್ಚತಾರ ನೋಡೂಣು.” ಎದುರು ನಿಂತು ಚುಚ್ಚಿದ್ದರಿಂದ ಅದು ಎಡಕ್ಕೆ ಬರುವ ಬದಲು ಬಲಕ್ಕೆ ಬಂತು. ಕಾಕಾ ಅದನ್ನು ಸರಿಪಡಿಸಲಿಲ್ಲ. ಅಲ್ಲಿಂದಾಚೆಯ ಫೋಟೊಗಳಲ್ಲೆಲ್ಲ ಅದು ಬಲಗಡೆಯೇ ಇದೆ.

ಆ ಪದಕ ಈಗ ಯಾವ ದೇಶದ್ದು ಎಂದು ನನ್ನನ್ನು ಕೇಳಬೇಡಿ. ಜರ್ಮನಿಯದೋ, ದೇಸಗತಿಯದೋ, ಚಿಗವ್ವನ ಭರಣಿಯದೋ, ನನಗೆ ಗೊತ್ತಿಲ್ಲ. ಅವತ್ತು ಊಟಕ್ಕೆ ಕಾಕಾನ ಪಕ್ಕದಲ್ಲೇ ಕೂತಿದ್ದೆ. ಅವನು ಖುಷಿಯಾಗಿದ್ದ. ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ:

“ನನಗೇನೋ ದೇಸಾಯರು ಸಿಕ್ರಪ್ಪ. ಅಲ್ಲಿ ನಮ್ಮ ಗ್ಯಾಂಗಿನವರಿಗೆ ಯಾರು ಹಚ್ಚತಾರೋ?”