ಗಾಳಿಯಲ್ಲಿ ಹೆಸರು ಕೂಗದ ಆಯಿ

ಪಕ್ಕದ ಮನೆಯ ಆಯಿಯ ಎಡಗಣ್ಣಿನ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ ಇತ್ತು. ಎಳೆತನದಲ್ಲಿ ಮರಳು ಹೊಕ್ಕು ಕೆಟ್ಟ ಕಣ್ಣು ಅದು. ಬೇಸಿಗೆಯ ಸಂಜೆ ಕಟ್ಟೆಯ ಮೇಲೆ ಪಡುವಣಕ್ಕೆ ಮುಖ ಮಾಡಿ ಕೂತು, ಚಿಟಿಕೆ ಬೂದಿ ಗಾಳಿಗೆ ಬಿಟ್ಟು, ಅದು ಎತ್ತ ಹಾರುತ್ತದೆಂದು ಇನ್ನೊಂದು ಕಣ್ಣಿನಿಂದ ನೋಡುತ್ತಿದ್ದರು. ಅದನ್ನು ಕಂಡಾಗಲೆಲ್ಲ ನನಗೆ ಏನೋ ಅಳುಕು.

ಬ್ಯಾಡಗಿಯ ಅಂಚಿನ ಓಣಿಯಲ್ಲಿ ಅವರ ಮನೆ, ನಮ್ಮ ಮನೆ ಗೋಡೆಗೆ ಗೋಡೆ. ಅದರಾಚೆ ಮೆಣಸಿನಕಾಯಿ ಒಣಹಾಕುವ ಬಯಲು. ರಾಜಸ್ಥಾನದ ಜೈಸಲ್ಮೇರ್ ಕಡೆಯಿಂದ ಮದುವೆಯಾಗಿ ಬಂದವರು ನಮ್ಮ ಮಾತನ್ನೇ ಕಲಿತಿದ್ದರು. ನಾನೋ ಮೇಡ್ಲೇರಿಯ ಹೊಳೆದಂಡೆಯವಳು, ನೀರು ಚೆಲ್ಲುವುದರಲ್ಲಿ ಧಾರಾಳಿ.

"ಏನವಾ, ತವರುಮನಿಯಿಂದ ಹೊಳೀನ ಹೊತ್ಕೊಂಡು ಬಂದೀ ಏನು?" ಎಂದು ಚುಚ್ಚುತ್ತಿದ್ದರು. ಅವರ ಮನೆಯಲ್ಲಿ ಪಾತ್ರೆಗೆ ಬೂದಿ ಹಚ್ಚಿ ಒರೆಸಿ, ಕೊನೆಗೊಂದಿಷ್ಟು ನೀರು ತೋರಿಸುವುದು, ಅಷ್ಟೇ.

ಆಗ ನನ್ನ ಮಗಳು ನಾಲ್ಕನೆಯ ಇಯತ್ತೆ. ಆಯಿಯ ಪಕ್ಕ ಕೂತು ಪಾಠ ಉರು ಹೊಡೆಯುತ್ತಿದ್ದಳು. "ರಾಜಸ್ಥಾನದ ರಾಜಧಾನಿ ಜೈಪುರ. ಪಶ್ಚಿಮಕ್ಕೆ ಥಾರ್ ಮರುಭೂಮಿ. ಅರಾವಳಿ ಬೆಟ್ಟಗಳಿವೆ. ಮಳೆ ಬಹಳ ಕಡಿಮೆ." ಆಮೇಲೆ ತಲೆ ಎತ್ತಿ, "ಬೆಟ್ಟ ಅದಾವು, ಮಳಿ ಯಾಕಿಲ್ಲ ಆಯಿ?" ಎಂದಳು.

"ಬೆಟ್ಟ ಮೋಡಕ್ಕ ಅಡ್ಡ ನಿಂತಿಲ್ಲ ಕೂಸ. ಮೋಡ ಹೋಗೂ ದಾರಿಗುಂಟ ಮಲಗೇತಿ. ಹಂಗ ಹಾದು ಹೊಕ್ಕಾವು."

"ಬಿಸಲು?"

"ಬ್ಯಾಸಗ್ಯಾಗ ಮರಳಾಗ ಹಪ್ಪಳ ಸುಡಬೌದು. ಥಂಡಿ ದಿನದಾಗ, ರಾತ್ರಿ, ಅದ ಮರಳಿನ ಮ್ಯಾಲೆ ಕಾಲಿಡಾಕ ಆಗಂಗಿಲ್ಲ."

"ಖರೇನ? ನೋಡೀರಿ?"

"ಹಪ್ಪಳ ತಿಂದೇನಿ!"

ಈ ನಗೆಯೆಲ್ಲ ಆಯಿಯ ಒಂದು ಮಾತಿಗೆ ನಿಲ್ಲುತ್ತಿತ್ತು. "ಧೂಳಿನ ಗಾಳಿ ಬಂದ್ರ ಓಡಬ್ಯಾಡ. ಗಾಳಿಗೆ ಬೆನ್ನು ಕೊಟ್ಟು ಕುಂದ್ರು. ಮಾರಿ ಮುಚ್ಕೋ. ಗಾಳಿ ನಿಂತ ಮ್ಯಾಲೆ ಏಳು." ಬರೀ ಹೇಳಿ ಬಿಡುತ್ತಿರಲಿಲ್ಲ, ಅವಳನ್ನು ಅಂಗಳದಲ್ಲಿ ಕೂರಿಸಿ, ಫ್ರಾಕು ಎತ್ತಿ ಮುಖ ಮುಚ್ಚಿಸಿ ರೂಢಿ ಮಾಡಿಸುತ್ತಿದ್ದರು. "ಇಲ್ಲೆಲ್ಲಿ ಮರಳು ಆಯಿ?" ಎಂದು ನಾನು ನಕ್ಕರೆ, ಅವರು ನಗುತ್ತಿರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ. ಬಯಲಿನಲ್ಲಿದ್ದ ತಂದೆಗೆ ಬುತ್ತಿ ಕೊಟ್ಟು ಮಗಳು ಒಬ್ಬಳೇ ಮರಳುವ ಹೊತ್ತು. ಕಾಗೆಗಳು ಸದ್ದಿಲ್ಲದೆ ಮರ ಸೇರಿದವು. ಪಡುವಣದ ಆಕಾಶ ಖಾರದಪುಡಿಯ ಬಣ್ಣಕ್ಕೆ ತಿರುಗಿತು. ನೋಡನೋಡುತ್ತಲೇ ಧೂಳು ಗೋಡೆಯ ಹಾಗೆ ಎದ್ದು ಬಯಲನ್ನು ನುಂಗಿತು. ಹಗಲು ಕತ್ತಲಾಯಿತು. ಗಾಳಿಯೊಳಗೆ ಮೆಣಸಿನಕಾಯಿಯ ಘಾಟು. ಕಣ್ಣು, ಗಂಟಲು ಉರಿದುಹೋದವು.

ನಾನು ಬಾಗಿಲಿಗೆ ಓಡಿ ಮಗಳ ಹೆಸರು ಕೂಗಲು ಬಾಯಿ ತೆರೆದೆ. ಹಿಂದಿನಿಂದ ಒಂದು ಒರಟು ಅಂಗೈ ನನ್ನ ಬಾಯಿ ಮುಚ್ಚಿತು. ಆಯಿ!

"ಕರೀಬ್ಯಾಡ! ನಿನ್ನ ದನಿ ಕೇಳಿದ್ರ ಅಕಿ ಓಡ್ತಾಳ!"

ನಾನು ಕೊಸರಿದೆ, ಕೈ ಕಚ್ಚಿದೆ. ಅವರು ಬಿಡಲಿಲ್ಲ.

ಧೂಳು ಇಳಿದ ಮೇಲೆ ಓಡಿದೆವು. ಮಗಳು ಕಾಲುದಾರಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು, ಮುಖ ಮುಚ್ಚಿಕೊಂಡು ಮುದ್ದೆಯಾಗಿ ಕೂತಿದ್ದಳು. ಅವಳಿಗೂ ನಮ್ಮ ಮನೆಗೂ ನಡುವೆ, ಅವಳು ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕಟ್ಟೆಯಿಲ್ಲದ ಹಾಳುಬಾವಿ.

"ಅವ್ವಾ, ಇನ್ನ ಏಳಲೇನು?" ಎಂದಳು.

ಆಯಿ ತಮ್ಮ ಸೆರಗಿನಿಂದ ಅವಳ ಮುಖ ಒರೆಸಿದರು. ಅವರ ಅಂಗೈಯಲ್ಲಿ ನನ್ನ ಹಲ್ಲಿನ ಗುರುತಿತ್ತು. "ನಮ್ಮೂರಾಗ ಇಂಥಾದ ಗಾಳ್ಯಾಗ ನಮ್ಮವ್ವ ನನ್ನ ತಂಗೀನ ಕರದ್ಲು," ಎಂದರು. "ಗಾಳಿ ದನೀನ ಎತ್ತಾಗೋ ಒಯ್ತು. ತಂಗಿ ದನಿ ಬಂದ ಕಡೆ ಓಡಿದ್ಲು. ಮರಳು ಅಕಿನ್ನ ಕೊಡಲೇ ಇಲ್ಲ." ನನ್ನ ಮಗಳ ತಲೆಯ ಧೂಳು ಕೊಡವಿ, "ಇಕಿ ಕುಂತ್ಲು," ಎಂದರು.

ಕೆಲವು ವರ್ಷಗಳ ಮೇಲೆ, ಅಂಥದೇ ಗಾಳಿ ಬೀಸುವ ದಿನ ಆಯಿ ತೀರಿಕೊಂಡರು. ಕಿಟಕಿಗಳು ಬಡಿದುಕೊಳ್ಳುತ್ತಿದ್ದವು. ಸುತ್ತ ಕೂತವರೆಲ್ಲ ಆಯಿ, ಆಯಿ ಎಂದು ಕೂಗಿ ಅಳುತ್ತಿದ್ದರು. ನಾನು ಆಯಿಯ ಬಾಯಿಗೆ ನೀರು ಬಿಟ್ಟೆ, ಒಂದು ಹನಿಯೂ ಚೆಲ್ಲದ ಹಾಗೆ. ಆಮೇಲೆ ನನ್ನ ಬಾಯಿಗೆ ಸೆರಗು ಒತ್ತಿಕೊಂಡು ಕಾಲ ಬಳಿ ಕೂತೆ. ನಾನು ಮಾತ್ರ ಕರೆಯಲಿಲ್ಲ.

ಈಗಲೂ ದೇವರ ಮುಂದೆ ದೀಪ ಹಚ್ಚಿ, ಆತ ಮಾಡಿದ ಉಪಕಾರ ನೆನೆಯುವಾಗ ಮೊದಲು ನೆನಪಾಗುವುದು ಆ ಒರಟು ಅಂಗೈ.